ಪಟ್ಟಣ ಹಾಳಾದ ಮೂವತ್ತನೆಯ ವರ್ಷ

ಕ್ರಿ.ಶ. 70ರಲ್ಲಿ ರೋಮನ್ ಸೇನೆ ಯೆರೂಸಲೇಮನ್ನು ನೆಲಸಮ ಮಾಡಿದ ಕಥೆಯನ್ನು ಕಳೆದ ತಿಂಗಳು ಈ ಅಂಕಣದಲ್ಲಿ ಬರೆದಿದ್ದೆ. ಆ ನಾಶದ ನಂತರ ಯೆಹೂದ್ಯರು ಬರೆದ ದರ್ಶನಗ್ರಂಥಗಳನ್ನು, ಅವುಗಳಲ್ಲಿ ಮುಖ್ಯವಾದ ‘ಎಜ್ರನ ನಾಲ್ಕನೆಯ ಪುಸ್ತಕ’ವನ್ನು, ಒಂದೆರಡು ಸಾಲುಗಳಲ್ಲಿ ಹೆಸರಿಸಿ ಮುಂದೆ ಹೋಗಿದ್ದೆ. ಬಂದ ಪತ್ರಗಳಲ್ಲಿ ಹೆಚ್ಚಿನವು ಆ ಒಂದೆರಡು ಸಾಲುಗಳನ್ನೇ ಹಿಡಿದುಕೊಂಡಿವೆ. ನನಗೆ ತುಂಬ ಪ್ರಿಯವಾದ ಪುಸ್ತಕ ಅದು. ಈ ತಿಂಗಳ ಪುಟಗಳನ್ನು ಪೂರ್ತಿಯಾಗಿ ಅದಕ್ಕೇ ಕೊಡುತ್ತಿದ್ದೇನೆ.

ಪ್ರಶ್ನೆ: ನಾಡು ಹಾಳಾದಾಗ ಜನ ಇತಿಹಾಸ ಬರೆಯುತ್ತಾರೆ, ಶೋಕಗೀತೆ ಬರೆಯುತ್ತಾರೆ. ಇವರೇಕೆ ಸಮುದ್ರದಿಂದ ಏಳುವ ಹದ್ದು, ಮಾತನಾಡುವ ಸಿಂಹ, ದೇವದೂತರು ಎಂದು ಹೊರಟರು? ಇದು ಕಣ್ಣೆದುರಿನ ಸತ್ಯದಿಂದ ಪಲಾಯನವಲ್ಲವೇ? (ಇತಿಹಾಸದ ಅಧ್ಯಾಪಕರು, ಧಾರವಾಡ)

ಉತ್ತರ: ಪಲಾಯನ ಎಂದು ನಾನು ಒಪ್ಪುವುದಿಲ್ಲ. ಏಕೆಂದು ಹೇಳುವ ಮೊದಲು, ಆ ಜನ ಕಳೆದುಕೊಂಡದ್ದೇನು ಎಂಬುದನ್ನು ನೋಡೋಣ.

ಯೆರೂಸಲೇಮಿನ ದೇವಾಲಯದೊಂದಿಗೆ ಹೋದದ್ದು ಬರಿಯ ಕಟ್ಟಡವಲ್ಲ. ಬೆಳಿಗ್ಗೆ ಸಂಜೆ ನಡೆಯುತ್ತಿದ್ದ ಬಲಿಯರ್ಪಣೆ ನಿಂತಿತು. ಮಹಾಯಾಜಕನ ಪದವಿಗೆ ಅರ್ಥವಿಲ್ಲದಾಯಿತು. ಪಾಪಕ್ಕೆ ಪರಿಹಾರ ಮಾಡಿಕೊಳ್ಳುತ್ತಿದ್ದ ಸ್ಥಳವೇ ಇಲ್ಲವಾಯಿತು. ಪ್ರತಿಯೊಬ್ಬ ಯೆಹೂದ್ಯ ಪುರುಷ ದೇವಾಲಯಕ್ಕೆಂದು ವರ್ಷಕ್ಕೊಮ್ಮೆ ಕೊಡುತ್ತಿದ್ದ ಅರ್ಧ ಶೆಕೆಲ್ ಕಾಣಿಕೆಯನ್ನು ಚಕ್ರವರ್ತಿ ವೆಸ್ಪಾಸಿಯನ್ ಎರಡು ದ್ರಾಖ್ಮಗಳ ತೆರಿಗೆಯಾಗಿ ಬದಲಾಯಿಸಿದ. ಅದು ಸಲ್ಲಬೇಕಾದದ್ದು ರೋಮಿನ ಜೂಪಿಟರ್ ದೇವಾಲಯಕ್ಕೆ. ತಮ್ಮ ದೇವರ ಮನೆಯನ್ನು ಸುಟ್ಟವರ ದೇವರಿಗೆ ಹಣ ಎಣಿಸಿ ಕೊಡಬೇಕಾದ ಸ್ಥಿತಿ. ಆ ಕಾಲದ ನಾಣ್ಯಗಳಲ್ಲಿ ಖರ್ಜೂರದ ಮರದ ಕೆಳಗೆ ತಲೆತಗ್ಗಿಸಿ ಕುಳಿತ ಹೆಂಗಸಿನ ಚಿತ್ರವಿದೆ. ಸುತ್ತ ‘ಜೂಡಿಯಾ (ಯೆಹೂದ್ಯರ ನಾಡು) ಸೆರೆಸಿಕ್ಕಿತು’ ಎಂಬ ಬರಹ. ಸಂತೆಯಲ್ಲಿ ಸಾಮಾನು ಕೊಳ್ಳುವಾಗಲೂ ಅವಮಾನ ಕೈಯಿಂದ ಕೈಗೆ ದಾಟುತ್ತಿತ್ತು.

ಇದಕ್ಕಿಂತ ದೊಡ್ಡ ಏಟು ಬಿದ್ದದ್ದು ಅವರ ತಿಳಿವಳಿಕೆಗೆ. ಕ್ರಿ.ಪೂ. 586ರಲ್ಲಿ ಬಾಬೆಲಿನ (ಬ್ಯಾಬಿಲೋನಿನ) ದೊರೆ ನೆಬೂಕದ್ನೆಚ್ಚರ ಮೊದಲ ದೇವಾಲಯವನ್ನು ಕೆಡವಿದಾಗ ಅವರ ಬಳಿ ಒಂದು ವಿವರಣೆ ಇತ್ತು: ನಾವು ಪಾಪ ಮಾಡಿದೆವು, ದೇವರು ದಂಡಿಸಿದ. ಮುಂದೆ ಗಡೀಪಾರಾದವರು ಮರಳಿದರು, ಕ್ರಿ.ಪೂ. 515ರ ಸುಮಾರಿಗೆ ಎರಡನೆಯ ದೇವಾಲಯ ಎದ್ದಿತು. ವಿವರಣೆ ಉಳಿದುಕೊಂಡಿತು. ಆರು ಶತಮಾನಗಳ ಮೇಲೆ ಅದೇ ಏಟು ಮತ್ತೆ ಬಿದ್ದಾಗ ಅದೇ ವಿವರಣೆ ಸಾಕಾಗಲಿಲ್ಲ. ನಾವು ಪಾಪಿಗಳು, ಸರಿ. ನಮ್ಮನ್ನು ತುಳಿದವರು ನಮಗಿಂತ ಒಳ್ಳೆಯವರೇ?

ಎಜ್ರನ ಪುಸ್ತಕ ಶುರುವಾಗುವುದೇ ಈ ಪ್ರಶ್ನೆಯಿಂದ. ಪಟ್ಟಣ ಹಾಳಾದ ಮೂವತ್ತನೆಯ ವರ್ಷ. ಬಾಬೆಲಿನಲ್ಲಿ ಯೆಹೂದ್ಯರ ಶಾಸ್ತ್ರಿ ಎಜ್ರ ಹಾಸಿಗೆಯ ಮೇಲೆ ಮಲಗಿದ್ದಾನೆ, ನಿದ್ದೆಯಿಲ್ಲ. ಚೀಯೋನಿನ, ಅಂದರೆ ಯೆರೂಸಲೇಮಿನ, ಪಾಳನ್ನೂ ಬಾಬೆಲಿನವರ ಸಿರಿಯನ್ನೂ ಒಟ್ಟಿಗೆ ನೆನೆಯುತ್ತಾನೆ, ಮನಸ್ಸು ಕುದಿಯುತ್ತದೆ. ಐದನೆಯ ಅಧ್ಯಾಯದಲ್ಲಿ ನೇರವಾಗಿ ದೇವರನ್ನೇ ಕೇಳುತ್ತಾನೆ: ಎಲ್ಲ ಮರಗಳಲ್ಲಿ ಒಂದು ದ್ರಾಕ್ಷಿಬಳ್ಳಿಯನ್ನು ಆರಿಸಿದೆ, ಎಲ್ಲ ಹೂಗಳಲ್ಲಿ ಒಂದು ನೈದಿಲೆಯನ್ನು, ಎಲ್ಲ ಹಕ್ಕಿಗಳಲ್ಲಿ ಒಂದು ಪಾರಿವಾಳವನ್ನು, ಎಲ್ಲ ಮಂದೆಗಳಲ್ಲಿ ಒಂದು ಕುರಿಯನ್ನು. ಆ ಒಂದನ್ನು ಹಲವರ ಕೈಗೆ ಏಕೆ ಒಪ್ಪಿಸಿದೆ? ನಿನ್ನ ಜನರನ್ನು ಅಷ್ಟು ದ್ವೇಷಿಸುವುದಾದರೆ ನಿನ್ನ ಕೈಯಿಂದಲೇ ಶಿಕ್ಷಿಸಬಹುದಿತ್ತಲ್ಲ? ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ದಿನಗಳಲ್ಲಿ ಈ ಭಾಗವನ್ನು ವಿದ್ಯಾರ್ಥಿಗಳಿಂದ ಗಟ್ಟಿಯಾಗಿ ಓದಿಸುತ್ತಿದ್ದೆ. ಕೊನೆಯ ಪ್ರಶ್ನೆಗೆ ಬರುವಾಗ ಓದುವವರ ದನಿ ತಾನಾಗಿಯೇ ಬದಲಾಗುತ್ತಿತ್ತು.

ಉತ್ತರ ಕೊಡಲು ಬರುವವನು ಊರಿಯೇಲನೆಂಬ ದೇವದೂತ. ‘ಬೆಂಕಿಯನ್ನು ತಕ್ಕಡಿಯಲ್ಲಿ ತೂಗು, ಗಾಳಿಯನ್ನು ಅಳತೆ ಮಾಡು, ಕಳೆದುಹೋದ ದಿನವನ್ನು ಹಿಂದಕ್ಕೆ ಕರೆ’ ಎನ್ನುತ್ತಾನೆ. ಇಷ್ಟೂ ಮಾಡಲಾಗದವನು ಮೇಲಿನವನ ದಾರಿಯನ್ನು ತಿಳಿಯುವುದುಂಟೇ ಎಂದು ಅವನ ವಾದ. ಬೈಬಲಿನ ಯೋಬನ ಪುಸ್ತಕದಲ್ಲಿ ದೇವರಿಂದ ಇಂಥ ಮಾತು ಕೇಳಿದ ಯೋಬ ಕೈಯಿಂದ ಬಾಯಿ ಮುಚ್ಚಿಕೊಂಡ. ಎಜ್ರ ಮುಚ್ಚಿಕೊಳ್ಳುವುದಿಲ್ಲ. ‘ಮೇಲಿನ ಲೋಕದ ದಾರಿಗಳನ್ನು ನಾನು ಕೇಳಲಿಲ್ಲ, ದಿನವೂ ನಮ್ಮ ಮೇಲೆ ಹಾದುಹೋಗುತ್ತಿರುವುದನ್ನು ಕೇಳಿದೆ’ ಎನ್ನುತ್ತಾನೆ. ಕಷ್ಟಪಟ್ಟು, ಏಕೆಂದು ತಿಳಿಯದೆ ಬದುಕುವುದಕ್ಕಿಂತ ನಾವು ಹುಟ್ಟದೆ ಇದ್ದಿದ್ದರೇ ಚೆನ್ನಾಗಿತ್ತು ಎಂದೂ ಹೇಳುತ್ತಾನೆ. ಮುಂದೊಂದು ಕಡೆ, ರೈತ ಬಿತ್ತಿದ ಬೀಜವೆಲ್ಲ ಮೊಳೆಯುವುದಿಲ್ಲ, ಹಾಗೆಯೇ ಹುಟ್ಟಿದ ಮನುಷ್ಯರೆಲ್ಲ ಉಳಿಯುವುದಿಲ್ಲ ಎಂಬ ಸಮಾಧಾನ ಅವನ ಮುಂದೆ ಬರುತ್ತದೆ. ಎಜ್ರನ ಮರುಮಾತು ನೋಡಿ: ರೈತನ ಬೀಜ ಮೊಳೆಯದಿದ್ದರೆ ಕಾಲಕ್ಕೆ ಸರಿಯಾಗಿ ನಿನ್ನ ಮಳೆ ಬರಲಿಲ್ಲ, ಅಥವಾ ಅತಿಯಾಗಿ ಬಂದು ಕೊಳೆಯಿಸಿತು, ನಿನ್ನ ರೂಪದಲ್ಲಿ, ನಿನ್ನ ಕೈಯಾರೆ ಮಾಡಿದ ಮನುಷ್ಯನನ್ನು ಬೀಜಕ್ಕೆ ಸಮ ಮಾಡುತ್ತೀಯಾ?

ಇತಿಹಾಸದ ಬರವಣಿಗೆಯಲ್ಲಿ ಈ ಮಾತಿಗೆ ಜಾಗವಿಲ್ಲ. ಶೋಕಗೀತೆ ಅಳುತ್ತದೆ, ವಾದಿಸುವುದಿಲ್ಲ. ದೇವದೂತನನ್ನು ಎದುರಿಗೆ ಕೂರಿಸಿಕೊಂಡು ಅಧ್ಯಾಯಗಟ್ಟಲೆ ಜಗಳವಾಡಲು ದರ್ಶನದ ಚೌಕಟ್ಟೇ ಬೇಕಿತ್ತು. ಮತ್ತೊಂದು ಸಂಗತಿ: ದೇವದೂತನ ಉತ್ತರಗಳು ಬಲವಾಗಿಲ್ಲ ಎಂದು ಬರೆದವನಿಗೇ ಗೊತ್ತಿತ್ತು ಎಂದು ನನಗೆ ಅನ್ನಿಸುತ್ತದೆ. ಪ್ರಶ್ನೆಗಳಿಗೆ ಅವನು ತನ್ನ ಪ್ರಾಣವನ್ನೇ ಸುರಿದಿದ್ದಾನೆ. ಯಾವ ಪ್ರಶ್ನೆಯನ್ನೂ ಸಣ್ಣದಾಗಿಸಿ ಸುಲಭವಾಗಿ ಗೆಲ್ಲುವ ಪ್ರಯತ್ನ ಮಾಡಿಲ್ಲ. ಕಣ್ಣೆದುರಿನ ಸತ್ಯದಿಂದ ಓಡಿಹೋಗುವವನು ಹೀಗೆ ಬರೆಯುವುದಿಲ್ಲ.

ಪ್ರಶ್ನೆ: ಎಜ್ರ ಕ್ರಿಸ್ತಪೂರ್ವ ಐದನೆಯ ಶತಮಾನದವನೆಂದು ಓದಿದ್ದೇನೆ. ಕ್ರಿ.ಶ. 100ರ ಪುಸ್ತಕಕ್ಕೆ ಅವನ ಹೆಸರಿಡುವುದು ವಂಚನೆಯಲ್ಲವೇ? (ನಿವೃತ್ತ ಬ್ಯಾಂಕ್ ನೌಕರರು, ಶಿವಮೊಗ್ಗ)

ಉತ್ತರ: ವ್ಯಾಸರ ಹೆಸರಿನಲ್ಲಿ ಶತಮಾನಗಳ ಕಾಲ ಪುರಾಣಗಳು ಬೆಳೆದದ್ದನ್ನು ಬಲ್ಲ ನಮಗೆ ಇದು ತೀರ ಅಪರಿಚಿತ ಪದ್ಧತಿಯಲ್ಲ. ಹಳೆಯ ಹೆಸರಿನಲ್ಲಿ ಬರೆಯುವುದೆಂದರೆ ಹಳೆಯ ಪರಂಪರೆಯೊಳಗೆ ನಿಂತು ಮಾತನಾಡುವುದು. ಇಲ್ಲಿ ಇನ್ನೊಂದು ಕಾರಣವೂ ಇದೆ. ಹೊಸ ನಾಶವನ್ನು ಹಳೆಯ ನಾಶದ ಮೇಲಿಟ್ಟು ನೋಡುವುದು. ಪುಸ್ತಕದಲ್ಲಿ ‘ಬಾಬೆಲ್’ ಎಂದಿರುವಲ್ಲೆಲ್ಲ ಮೊದಲ ಓದುಗರಿಗೆ ‘ರೋಮ್’ ಎಂದೇ ಕೇಳಿಸುತ್ತಿತ್ತು. ‘ಮೂವತ್ತನೆಯ ವರ್ಷ’ ಎಂಬ ಮಾತು ಪ್ರವಾದಿ ಯೆಹೆಜ್ಕೇಲನ ಪುಸ್ತಕದ ಮೊದಲ ಸಾಲನ್ನು ನೆನಪಿಸುತ್ತದೆ. ಜೊತೆಗೆ 70ಕ್ಕೆ ಮೂವತ್ತು ಸೇರಿಸಿದರೆ ಈ ಪುಸ್ತಕ ಬರೆದ ಕಾಲವೇ ಸಿಗುತ್ತದೆ. ವಿದ್ವಾಂಸರು ಅದನ್ನು ಮೊದಲ ಶತಮಾನದ ಕೊನೆಗೆ ಇಡುವುದಕ್ಕೆ ಇದೂ ಒಂದು ಆಧಾರ.

ಪ್ರಶ್ನೆ: ಮಗನನ್ನು ಕಳೆದುಕೊಂಡು ಅಳುತ್ತಿದ್ದ ಹೆಂಗಸನ್ನು ಎಜ್ರ ಗದರಿಸಿದನೆಂದು ಒಂದು ವಾಕ್ಯ ಬರೆದಿದ್ದಿರಿ. ನಾನೂ ಮಗನನ್ನು ಕಳೆದುಕೊಂಡವಳು. ಅದನ್ನು ಓದಿ ನೋವಾಯಿತು. ಇಂಥ ಪುಸ್ತಕವನ್ನು ಸಾಂತ್ವನದ ಪುಸ್ತಕ ಎಂದು ಹೇಗೆ ಕರೆಯುತ್ತೀರಿ? (ಓದುಗರೊಬ್ಬರು, ಪುತ್ತೂರು)

ಉತ್ತರ: ಅಮ್ಮಾ, ನಿಮ್ಮ ಪತ್ರವನ್ನು ಬಹಳ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದೆ. ಇಡೀ ಪ್ರಸಂಗವನ್ನು ಹೇಳುತ್ತೇನೆ, ನೀವೇ ನೋಡಿ.

ಮೂರು ಸಲ ದೇವದೂತನೊಡನೆ ವಾದಿಸಿ ಎಜ್ರ ಸಮಾಧಾನ ಕಂಡಿಲ್ಲ. ನಾಲ್ಕನೆಯ ಸಲ ಮನೆಯಿಲ್ಲದ, ಯಾರೂ ಎಂದೂ ಅಸ್ತಿವಾರ ಹಾಕದ ಒಂದು ಬಯಲಿಗೆ ಹೋಗಬೇಕೆಂದು ಅವನಿಗೆ ಅಪ್ಪಣೆಯಾಗುತ್ತದೆ. ಮಾಂಸ, ದ್ರಾಕ್ಷಾರಸ ಮುಟ್ಟದೆ ಬಯಲಿನ ಹೂಗಳನ್ನಷ್ಟೇ ತಿಂದು ಏಳು ದಿನ ಅಲ್ಲಿರುತ್ತಾನೆ. ಮತ್ತೆ ಅದೇ ದೂರನ್ನು ಶುರುಮಾಡಿ ಮಾತನಾಡುತ್ತಿರುವಾಗ ಬಲಗಡೆ ಒಬ್ಬ ಹೆಂಗಸು ಕಾಣುತ್ತಾಳೆ. ಬಟ್ಟೆ ಹರಿದಿದೆ, ತಲೆಯ ಮೇಲೆ ಬೂದಿ, ಗಟ್ಟಿಯಾಗಿ ಅಳುತ್ತಿದ್ದಾಳೆ. ಎಜ್ರ ತನ್ನ ಯೋಚನೆಗಳನ್ನು ಅಲ್ಲಿಗೇ ಬಿಟ್ಟು ಅವಳ ಕಡೆ ತಿರುಗುತ್ತಾನೆ. ಏಕೆ ಅಳುತ್ತೀ ಎಂದು ಕೇಳುತ್ತಾನೆ.

ಮದುವೆಯಾಗಿ ಮೂವತ್ತು ವರ್ಷ ಮಕ್ಕಳಿರಲಿಲ್ಲ ಎಂದು ಅವಳು ಹೇಳುತ್ತಾಳೆ. ಹಗಲಿರುಳು ಬೇಡಿಕೊಂಡ ಮೇಲೆ ಒಬ್ಬ ಮಗ ಹುಟ್ಟಿದ. ಗಂಡ, ನೆರೆಹೊರೆಯವರು ಎಲ್ಲರೂ ಸಂತೋಷಪಟ್ಟರು. ಬಹಳ ಕಷ್ಟಪಟ್ಟು ಸಾಕಿದಳು. ಹೆಣ್ಣು ಗೊತ್ತುಮಾಡಿ ಮದುವೆಯ ಔತಣ ಇಟ್ಟಳು. ಮದುವೆಯ ಕೋಣೆಗೆ ಕಾಲಿಟ್ಟ ಮಗ ಅಲ್ಲೇ ಬಿದ್ದು ಸತ್ತ. ಅವರು ದೀಪಗಳನ್ನು ಆರಿಸಿದರು. ಊರಿನವರು ಸಮಾಧಾನ ಹೇಳಲು ಬಂದರು. ಮರುದಿನದ ಸಂಜೆಯವರೆಗೂ ಅವಳು ಸುಮ್ಮನಿದ್ದಳು. ಎಲ್ಲರೂ ಇನ್ನು ಇವಳು ಸುಧಾರಿಸಿಕೊಂಡಳು ಎಂದು ಮಲಗಿದ ಮೇಲೆ ರಾತ್ರಿ ಎದ್ದು ಈ ಬಯಲಿಗೆ ಓಡಿಬಂದಳು. ಸಾಯುವವರೆಗೂ ಉಣ್ಣುವುದಿಲ್ಲ, ಕುಡಿಯುವುದಿಲ್ಲ, ಊರಿಗೆ ಹೋಗುವುದಿಲ್ಲ.

ಎಜ್ರ ಸಿಟ್ಟಾಗುತ್ತಾನೆ. ‘ಬುದ್ಧಿಯಿಲ್ಲದವಳೇ, ನಮ್ಮೆಲ್ಲರ ತಾಯಿಯಾದ ಚೀಯೋನ್ ದುಃಖದಲ್ಲಿರುವುದು ನಿನಗೆ ಕಾಣುವುದಿಲ್ಲವೇ? ನೀನು ಒಬ್ಬನಿಗಾಗಿ ಅಳುತ್ತೀ, ನಾವು ಎಷ್ಟು ಜನರಿಗಾಗಿ ಅಳಬೇಕು!’ ಈ ಮಾತನ್ನು ನಾನು ಸಮರ್ಥಿಸುವುದಿಲ್ಲ. ಒಬ್ಬ ಮಗನ ಸಾವನ್ನು ನಾಡಿನ ಸಾವಿನ ಪಕ್ಕದಲ್ಲಿಟ್ಟು ಚಿಕ್ಕದೆನ್ನುವುದು ಕ್ರೂರ. ಆದರೆ ಇಲ್ಲಿಯವರೆಗೆ ದೇವದೂತ ಎಜ್ರನಿಗೆ ಹೇಳುತ್ತ ಬಂದದ್ದೂ ಇದನ್ನೇ: ನಿನ್ನ ದುಃಖವನ್ನು ದೊಡ್ಡದರ ಪಕ್ಕದಲ್ಲಿಟ್ಟು ನೋಡು. ತನಗೆ ಹೊಂದದ ಸಮಾಧಾನವನ್ನೇ ಎಜ್ರ ಇವಳಿಗೆ ಒಪ್ಪಿಸುತ್ತಿದ್ದಾನೆ. ಅವಳೂ ಒಪ್ಪುವುದಿಲ್ಲ. ‘ಇಲ್ಲ, ನಾನು ಇಲ್ಲಿಯೇ ಸಾಯುತ್ತೇನೆ’ ಎನ್ನುತ್ತಾಳೆ.

ಆಮೇಲೆ ಅವನ ಮಾತಿನ ದಾರಿ ಬದಲಾಗುತ್ತದೆ. ಗದರಿಸುವುದನ್ನು ಬಿಟ್ಟು ನಡೆದದ್ದನ್ನು ಒಂದೊಂದಾಗಿ ಹೇಳತೊಡಗುತ್ತಾನೆ. ನಮ್ಮ ಬಲಿಪೀಠ ಬಿದ್ದಿತು, ನಮ್ಮ ಕಿನ್ನರಿ ನೆಲಕ್ಕುರುಳಿತು, ನಮ್ಮ ಹಾಡು ನಿಂತಿತು, ದೀಪಸ್ತಂಭದ ಬೆಳಕು ಆರಿತು, ನಮ್ಮ ಹೆಣ್ಣುಮಕ್ಕಳ ಮಾನ ಹೋಯಿತು, ಯುವಕರು ದಾಸರಾದರು. ಈ ಹೊತ್ತಿನವರೆಗೆ ಇದೆಲ್ಲವನ್ನೂ ಅವನು ವಾದಕ್ಕೆ ಬಳಸುತ್ತಿದ್ದ. ಈಗ ಮೊದಲ ಸಲ ಇನ್ನೊಬ್ಬ ದುಃಖಿಯ ಮುಂದೆ ನಿಂತು ತನ್ನದನ್ನು ಹೇಳಿಕೊಳ್ಳುತ್ತಿದ್ದಾನೆ. ಹೇಳುತ್ತಿರುವಾಗಲೇ ಅವಳ ಮುಖ ಮಿಂಚಿನಂತೆ ಹೊಳೆಯುತ್ತದೆ. ಅವಳು ಕೂಗುತ್ತಾಳೆ, ನೆಲ ನಡುಗುತ್ತದೆ. ಕಣ್ಣು ತೆರೆದರೆ ಹೆಂಗಸಿಲ್ಲ. ಭಾರೀ ಅಸ್ತಿವಾರಗಳ ಮೇಲೆ ಒಂದು ಪಟ್ಟಣ ಎದ್ದು ನಿಂತಿದೆ. ಎಜ್ರ ಸತ್ತವನಂತೆ ಬಿದ್ದುಬಿಡುತ್ತಾನೆ. ಊರಿಯೇಲ ಬಂದು ಬಲಗೈ ಹಿಡಿದು ಎಬ್ಬಿಸುತ್ತಾನೆ. ಅವಳೇ ಚೀಯೋನ್ ಎಂದು ತಿಳಿಸಿ, ಹೆದರಬೇಡ, ಒಳಗೆ ಹೋಗು, ನಿನ್ನ ಕಣ್ಣಿಗೆ ಎಷ್ಟು ಹಿಡಿಯುತ್ತದೋ ಅಷ್ಟು ನೋಡು ಎನ್ನುತ್ತಾನೆ.

ಅಲ್ಲಿಂದ ಮುಂದೆ ಎಜ್ರ ದೇವರ ಮೇಲೆ ದೂರು ಹೇಳುವುದಿಲ್ಲ. ಅವನ ಪ್ರಶ್ನೆಗಳಿಗೆ ಉತ್ತರ ಸಿಕ್ಕಿತೆಂದು ಪುಸ್ತಕ ಎಲ್ಲಿಯೂ ಹೇಳಿಲ್ಲ. ಮೊದಲಿನ ಪುಟಗಳನ್ನು ಅಳಿಸಿಯೂ ಇಲ್ಲ. ವಾದದಿಂದ ಆಗದಿದ್ದದ್ದು ಇನ್ನೊಬ್ಬರ ಅಳುವಿಗೆ ತಿರುಗಿ ನಿಂತಾಗ ಆಯಿತು. ಆ ಹೆಂಗಸಿನ ದುಃಖ ಹಗುರವಾದದ್ದಾಗಿದ್ದರೆ ಆ ಪಟ್ಟಣ ಅವಳಿಂದ ಏಳುತ್ತಿರಲಿಲ್ಲ ಎಂದು ನಾನು ನಂಬಿದ್ದೇನೆ.

ಇನ್ನೊಂದು ಪ್ರಸಂಗವನ್ನು ನಿಮಗಾಗಿ ಸೇರಿಸುತ್ತೇನೆ, ಇದು ಯೆಹೂದ್ಯ ಗುರುಗಳ ಬೋಧನೆಗಳ ಸಂಗ್ರಹವಾದ ತಾಲ್ಮುಡ್‌ನಲ್ಲಿದೆ. ದೇವಾಲಯ ಬಿದ್ದ ಮೇಲೆ ಹಲವರು ಮಾಂಸವನ್ನೂ ದ್ರಾಕ್ಷಾರಸವನ್ನೂ ಬಿಟ್ಟರು; ಬಲಿಪೀಠದ ಮೇಲೆ ಇಡುತ್ತಿದ್ದುದನ್ನು ನಾವು ಹೇಗೆ ಮುಟ್ಟುವುದು ಎಂದರು. ರಬ್ಬಿ ಯೆಹೋಶುವ ಅವರ ಬಳಿ ಹೋಗಿ ಕೇಳಿದರು: ಹಾಗಾದರೆ ರೊಟ್ಟಿಯನ್ನೂ ಬಿಡಬೇಕು, ಧಾನ್ಯದ ಕಾಣಿಕೆ ನಿಂತಿದೆ, ಹಣ್ಣನ್ನೂ ಬಿಡಬೇಕು, ನೀರನ್ನೂ ಬಿಡಬೇಕು, ನೀರನ್ನೂ ಅಲ್ಲಿ ಎರೆಯುತ್ತಿದ್ದರು. ಅವರು ಸುಮ್ಮನಾದರು. ಆಗ ರಬ್ಬಿ ಹೇಳಿದ್ದು: ಶೋಕಿಸದೆ ಇರಲಾಗದು, ಅತಿಯಾಗಿ ಶೋಕಿಸಲೂ ಆಗದು. ಮನೆಗೆ ಗಾರೆ ಮಾಡಿಸಿಕೊಳ್ಳಿ, ಸ್ವಲ್ಪ ಜಾಗ ಹಾಗೆಯೇ ಬಿಡಿ. ಎಷ್ಟು ಎಂದು ಕೇಳಿದ್ದಕ್ಕೆ ಬಂದ ಉತ್ತರ: ಒಂದು ಮೊಳ ಉದ್ದ, ಒಂದು ಮೊಳ ಅಗಲ, ಬಾಗಿಲಿಗೆ ಎದುರಾಗಿ.

ಪ್ರಶ್ನೆ: ಎಜ್ರನ ಪುಸ್ತಕದಲ್ಲಿ ಬರುವ ಮೂರು ತಲೆಯ ಹದ್ದು ಇಂದಿನ ಒಂದು ದೊಡ್ಡ ದೇಶವೇ ಎಂದೂ ಲೋಕದ ಅಂತ್ಯದ ವರ್ಷ ಅದರಲ್ಲಿದೆ ಎಂದೂ ಮೊಬೈಲಿನಲ್ಲಿ ಒಂದು ವಿಡಿಯೊ ಬಂದಿದೆ. ನಿಜವೇ? (ವಿದ್ಯಾರ್ಥಿ, ಬೆಂಗಳೂರು)

ಉತ್ತರ: ನಿಜವಲ್ಲ. ಹದ್ದು ಯಾರೆಂದು ಪುಸ್ತಕವೇ ಹೇಳುತ್ತದೆ: ನಿನ್ನ ಸಹೋದರ ದಾನಿಯೇಲನಿಗೆ ಕಂಡ ನಾಲ್ಕನೆಯ ರಾಜ್ಯವೇ ಇದು, ಅವನಿಗೆ ಇದನ್ನು ನಾನು ಈಗ ವಿವರಿಸುವಂತೆ ವಿವರಿಸಲಿಲ್ಲ. ರೋಮಿನ ಪ್ರತಿಯೊಂದು ಲೀಜನ್ ಸೇನೆಯ ಮುಂದೆ ಕಂಬದ ಮೇಲೆ ಹದ್ದಿನ ಲಾಂಛನ ಹೋಗುತ್ತಿತ್ತು. ಮೂರು ತಲೆಗಳು ವೆಸ್ಪಾಸಿಯನ್, ಯೆರೂಸಲೇಮನ್ನು ಕೆಡವಿದ ಅವನ ಮಗ ಟೈಟಸ್, ಕಿರಿಯ ಮಗ ಡೊಮಿಷಿಯನ್ ಎಂಬುದರಲ್ಲಿ ವಿದ್ವಾಂಸರಲ್ಲಿ ಹೆಚ್ಚಿನ ಭಿನ್ನಾಭಿಪ್ರಾಯವಿಲ್ಲ. ಒಂದು ತಲೆ ಹಾಸಿಗೆಯಲ್ಲೇ ಸಾಯುತ್ತದೆ ಎಂದಿದೆ. ವೆಸ್ಪಾಸಿಯನ್ 79ರಲ್ಲಿ ಕಾಯಿಲೆಯಿಂದ ಸತ್ತ. ಡೊಮಿಷಿಯನ್ 96ರಲ್ಲಿ ಕೊಲೆಯಾದ.

ಬೈಬಲಿನ ದಾನಿಯೇಲನ ಪುಸ್ತಕದಲ್ಲಿ ನಾಲ್ಕು ರಾಜ್ಯಗಳು ನಾಲ್ಕು ಮೃಗಗಳಾಗಿ ಕಾಣುತ್ತವೆ. ಅದರ ನಾಲ್ಕನೆಯ ಮೃಗ ಮೊದಲು ರೋಮ್ ಆಗಿರಲಿಲ್ಲ ಎಂಬುದನ್ನೂ ಗಮನಿಸಿ. ಆ ಪುಸ್ತಕ ಈಗಿನ ರೂಪ ಪಡೆದದ್ದು ಇನ್ನೊಂದು ದುರಂತದ ನಡುವೆ. ಕ್ರಿ.ಪೂ. 167ರಲ್ಲಿ ಗ್ರೀಕ್ ದೊರೆ ನಾಲ್ಕನೆಯ ಆಂಟಿಯೋಕಸ್ ದೇವಾಲಯವನ್ನು ಅಪವಿತ್ರಗೊಳಿಸಿದಾಗ. ಅಲ್ಲಿ ನಾಲ್ಕನೆಯ ಮೃಗ ಗ್ರೀಕರ ರಾಜ್ಯ. ಅದರ ಕೊನೆಯ ಅಧ್ಯಾಯದಲ್ಲಿ 1,290 ದಿನ ಎಂಬ ಲೆಕ್ಕದ ಬೆನ್ನಿಗೇ 1,335 ದಿನ ಎಂಬ ಇನ್ನೊಂದು ಲೆಕ್ಕವಿದೆ. ಮೊದಲ ಗಡುವು ದಾಟಿದ ಮೇಲೆ ಎರಡನೆಯದು ಸೇರಿತು ಎಂದು ಅನೇಕ ವಿದ್ವಾಂಸರ ಅಭಿಪ್ರಾಯ. ಲೆಕ್ಕ ಹಾಕಿದವರು ಆಗಲೂ ಇದ್ದರು, ದಿನ ಬಂದು ಹೋಯಿತು. ಎಜ್ರನ ಪುಸ್ತಕ ಇಷ್ಟರಲ್ಲೇ ಬೀಳುತ್ತದೆಂದ ಹದ್ದೂ ಬೀಳಲಿಲ್ಲ. 132ರಲ್ಲಿ ಬಾರ್ ಕೊಖ್ಬನ ನೇತೃತ್ವದಲ್ಲಿ ಯೆಹೂದ್ಯರು ಮತ್ತೆ ದಂಗೆಯೆದ್ದರು. 135ರ ಹೊತ್ತಿಗೆ ಅದೂ ರಕ್ತದಲ್ಲಿ ಮುಗಿದು, ಅವರು ಯೆರೂಸಲೇಮಿಗೆ ಕಾಲಿಡುವುದೇ ನಿಷಿದ್ಧವಾಯಿತು.

ಪ್ರಶ್ನೆ ಕಳಿಸಿದ ಮಗು, ನಾಲ್ಕನೆಯ ಅಧ್ಯಾಯದ ಕೊನೆಯನ್ನು ನೀನೇ ಓದಿ ನೋಡು. ಆ ದಿನದವರೆಗೆ ನಾನು ಬದುಕಿರುತ್ತೇನೆಯೇ ಎಂದು ಎಜ್ರ ಕೇಳುತ್ತಾನೆ. ಕೆಲವು ಗುರುತುಗಳನ್ನು ಹೇಳಬಲ್ಲೆ, ನಿನ್ನ ಆಯುಷ್ಯದ ಬಗ್ಗೆ ಹೇಳಲು ನನ್ನನ್ನು ಕಳಿಸಿಲ್ಲ, ನನಗೆ ಗೊತ್ತೂ ಇಲ್ಲ ಎನ್ನುತ್ತಾನೆ ದೇವದೂತ. ದೇವದೂತನಿಗೆ ಗೊತ್ತಿಲ್ಲದ್ದನ್ನು ವಿಡಿಯೊ ಮಾಡಿದವರು ಹೇಳುತ್ತಿದ್ದಾರೆ. ಮನೆಯಲ್ಲಿ ಯಾರಾದರೂ ಅದನ್ನು ನೋಡಿ ಹೆದರಿದ್ದರೆ ದಯವಿಟ್ಟು ಇದನ್ನು ಅವರಿಗೆ ಓದಿ ಹೇಳು. ಗಾಯಗೊಂಡವರ ನರಳಾಟವನ್ನು ಪಂಚಾಂಗ ಮಾಡಿ ಮಾರುವುದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಪ್ರಶ್ನೆ: ಇದೇ ಕಾಲದ ‘ಬಾರೂಕನ ದರ್ಶನ’ಕ್ಕೂ ಇದಕ್ಕೂ ಏನು ವ್ಯತ್ಯಾಸ? (ಓದುಗರು, ಬೆಳ್ತಂಗಡಿ)

ಉತ್ತರ: ಪ್ರವಾದಿ ಯೆರೆಮೀಯನ ಲಿಪಿಕಾರನಾಗಿದ್ದ ಬಾರೂಕ ಹೆಚ್ಚು ಶಾಂತ ಮನುಷ್ಯ. ಅವನ ಪುಸ್ತಕದಲ್ಲಿ ಶತ್ರುಗಳು ಗೋಡೆ ಒಡೆಯುವುದಿಲ್ಲ. ಪಟ್ಟಣದ ನಾಲ್ಕು ಮೂಲೆಗಳಲ್ಲಿ ಪಂಜು ಹಿಡಿದ ನಾಲ್ವರು ದೇವದೂತರು ನಿಂತಿರುತ್ತಾರೆ, ಒಡೆಯುವವರು ಅವರೇ. ನಾವೇ ಗೆದ್ದೆವೆಂದು ಶತ್ರು ಮೆರೆಯಬಾರದು. ಅದಕ್ಕೆ ಮೊದಲು ಒಬ್ಬ ದೂತ ಗರ್ಭಗುಡಿಯ ಪವಿತ್ರ ವಸ್ತುಗಳನ್ನು ಎತ್ತಿಕೊಂಡು ಭೂಮಿಗೆ ಒಪ್ಪಿಸುತ್ತಾನೆ. ಆಮೇಲೆ ಬರುವ ಪ್ರಲಾಪ ನನಗೆ ಬಾಯಿಪಾಠವಾಗಿಬಿಟ್ಟಿದೆ. ರೈತರೇ, ಇನ್ನು ಬಿತ್ತಬೇಡಿ. ಭೂಮಿಯೇ, ನಿನ್ನ ಫಲದ ಸವಿಯನ್ನು ಒಳಗೇ ಇಟ್ಟುಕೋ. ಯಾಜಕರೇ, ಆಲಯದ ಬೀಗದ ಕೈಗಳನ್ನು ಆಕಾಶಕ್ಕೆ ಎಸೆದು ಕರ್ತನಿಗೆ ಹೇಳಿ: ನಿನ್ನ ಮನೆಯನ್ನು ನೀನೇ ಕಾಯ್ದುಕೋ, ನಾವು ನಂಬಿಕೆಗೆ ತಕ್ಕ ಮೇಲ್ವಿಚಾರಕರಾಗಲಿಲ್ಲ.

ಆದಾಮನ ಪಾಪ ನಮ್ಮೆಲ್ಲರನ್ನೂ ಕೆಡಿಸಿತು ಎಂದು ಎಜ್ರ ಗೋಳಾಡಿದರೆ, ನಮ್ಮಲ್ಲಿ ಪ್ರತಿಯೊಬ್ಬನೂ ತನಗೆ ತಾನೇ ಆದಾಮ ಎನ್ನುತ್ತಾನೆ ಬಾರೂಕ. ಉಳಿದಿರುವುದು ದೇವರು ಮತ್ತು ಆತನ ಧರ್ಮಶಾಸ್ತ್ರ ಮಾತ್ರ, ಅದನ್ನು ಹಿಡಿದು ಬದುಕಿ ಎಂದು ಜನರಿಗೆ ಬೋಧಿಸುತ್ತಾನೆ. ಬದುಕು ನಡೆಸಲು ಬಾರೂಕನೇ ಹೆಚ್ಚು ಉಪಯೋಗಕ್ಕೆ ಬಂದಿರಬೇಕು. ನನ್ನ ಮನಸ್ಸು ಎಜ್ರನ ಕಡೆಗೇ.

ನೀವು ಬೆಳ್ತಂಗಡಿಯವರಾದ್ದರಿಂದ ಒಂದು ಮಾತು. ಬಾರೂಕನ ಪುಸ್ತಕ ನಮಗೆ ಉಳಿದುಬಂದದ್ದು ಸಿರಿಯಾಕ್ ಭಾಷೆಯಿಂದ. ಕೇರಳದಿಂದ ನಿಮ್ಮ ಕಡೆಗೆ ಬಂದು ನೆಲೆಸಿದ ಸಿರಿಯನ್ ಕ್ರೈಸ್ತ ಕುಟುಂಬಗಳ ಪೂಜಾಪರಂಪರೆಯ ಭಾಷೆ ಅದೇ. ಪುಸ್ತಕದ ಪೂರ್ಣ ಸಿರಿಯಾಕ್ ಪಾಠವಿರುವುದು ಮಿಲಾನ್ ನಗರದ ಅಂಬ್ರೋಸಿಯನ್ ಗ್ರಂಥಾಲಯದ ಒಂದೇ ಹಸ್ತಪ್ರತಿಯಲ್ಲಿ. ಹತ್ತೊಂಬತ್ತನೆಯ ಶತಮಾನದಲ್ಲಿ ಅದನ್ನು ಬೆಳಕಿಗೆ ತಂದವರು ಆಂಟೋನಿಯೊ ಚೆರಿಯಾನಿ. ಆ ಒಂದೇ ಹಸ್ತಪ್ರತಿಯಲ್ಲಿ ಬಾರೂಕನ ಜೊತೆಗೆ ಎಜ್ರನ ಪುಸ್ತಕವೂ ಇದೆ, ದೇವಾಲಯ ಸುಟ್ಟದ್ದನ್ನು ವರ್ಣಿಸುವ ಇತಿಹಾಸಕಾರ ಜೋಸೀಫಸನ ‘ಯೆಹೂದ್ಯರ ಯುದ್ಧ’ದ ಆರನೆಯ ಸಂಪುಟವೂ ಇದೆ. ಮೂರನ್ನೂ ಒಟ್ಟಿಗೆ ಇಟ್ಟ ಆ ಲಿಪಿಕಾರನಿಗೆ ಅವುಗಳ ನಂಟು ಚೆನ್ನಾಗಿ ಗೊತ್ತಿತ್ತು.

ಪ್ರಶ್ನೆ: ಎಜ್ರನ ಪುಸ್ತಕ ಕನ್ನಡದಲ್ಲಿ ಸಿಗುತ್ತದೆಯೇ? ಯಾವ ಪ್ರತಿ ಕೊಳ್ಳಬೇಕು? (ಗ್ರಂಥಾಲಯದ ಸಿಬ್ಬಂದಿ, ಮೈಸೂರು)

ಉತ್ತರ: ಕನ್ನಡ ಸತ್ಯವೇದದಲ್ಲಿ ದಾನಿಯೇಲನ ಪುಸ್ತಕವೂ ಪ್ರಲಾಪಗಳೂ ಇವೆ, ಇದು ಇಲ್ಲ, ಕಥೋಲಿಕರ ಅಧಿಕೃತ ಪಟ್ಟಿಯಲ್ಲೂ ಇದು ಸೇರಿಲ್ಲ. ಇಂಗ್ಲಿಷಿನಲ್ಲಿ ಅಪಾಕ್ರಿಫ (ಎಲ್ಲ ಪಂಗಡಗಳೂ ಒಪ್ಪದ ಪುಸ್ತಕಗಳ) ಭಾಗವಿರುವ ಬೈಬಲ್‌ಗಳಲ್ಲಿ ‘ಎರಡನೆಯ ಎಸ್ಡ್ರಾಸ್’ ಎಂಬ ಹೆಸರಿನಲ್ಲಿ ಸಿಗುತ್ತದೆ. ಅದರ 3ರಿಂದ 14ರವರೆಗಿನ ಅಧ್ಯಾಯಗಳಷ್ಟೇ ನಾನು ಹೇಳುತ್ತಿರುವ ಪುಸ್ತಕ. ಮೊದಲ ಎರಡು, ಕೊನೆಯ ಎರಡು ಅಧ್ಯಾಯಗಳು ಮುಂದೆ ಕ್ರೈಸ್ತರು ಸೇರಿಸಿದವು.

ಕೊಳ್ಳುವಾಗ ಏಳನೆಯ ಅಧ್ಯಾಯವನ್ನು ತೆರೆದು ನೋಡಿ. ಹೀಬ್ರೂ ಮೂಲವೂ ಅದರ ಗ್ರೀಕ್ ಅನುವಾದವೂ ಕಳೆದುಹೋಗಿವೆ. ಯುರೋಪ್ ಶತಮಾನಗಳ ಕಾಲ ಓದಿದ್ದು ಲ್ಯಾಟಿನ್ ಪಾಠವನ್ನು, ಅದರಲ್ಲಿ ಏಳನೆಯ ಅಧ್ಯಾಯದ ಎಪ್ಪತ್ತು ವಚನಗಳು ಇರಲಿಲ್ಲ. ಸಿರಿಯಾಕ್, ಇಥಿಯೋಪಿಕ್ ಪಾಠಗಳಲ್ಲಿ ಇದ್ದವು. 822ರಲ್ಲಿ ಬರೆದ, ಈಗ ಪ್ಯಾರಿಸ್‌ನಲ್ಲಿರುವ ಒಂದು ಹಸ್ತಪ್ರತಿಯಲ್ಲಿ ಸರಿಯಾಗಿ ಆ ಜಾಗದ ಹಾಳೆಯನ್ನು ಕತ್ತರಿಸಿ ತೆಗೆದಿರುವುದನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಗಿಲ್ಡ್‌ಮೈಸ್ಟರ್ ಎಂಬ ಜರ್ಮನ್ ವಿದ್ವಾಂಸರು ಗುರುತಿಸಿದರು. ಆ ವಚನಗಳಿಲ್ಲದ ಪ್ರತಿಗಳೆಲ್ಲ ಅದರಿಂದ ಇಳಿದು ಬಂದಂಥವು. ಮುಂದೆ ಇಂಗ್ಲೆಂಡಿನ ರಾಬರ್ಟ್ ಬೆನ್ಸ್ಲಿ ಅವರಿಗೆ ಫ್ರಾನ್ಸಿನ ಅಮಿಯೆನ್ ಪಟ್ಟಣದಲ್ಲಿ ಆ ಭಾಗ ಉಳಿದಿದ್ದ ಹಸ್ತಪ್ರತಿ ಸಿಕ್ಕಿತು, 1875ರಲ್ಲಿ ಪ್ರಕಟಿಸಿದರು. ಕತ್ತರಿಸಿದ ಹಾಳೆಯಲ್ಲಿದ್ದದ್ದು ತೀರ್ಪಿನ ದಿನದ ವರ್ಣನೆ; ಅಂದು ತಂದೆ ಮಗನಿಗಾಗಿಯಾಗಲಿ ಮಗ ತಂದೆಗಾಗಿಯಾಗಲಿ ಬೇಡಿಕೊಳ್ಳುವಂತಿಲ್ಲ ಎಂಬ ಮಾತೂ ಅಲ್ಲಿದೆ. ಸತ್ತವರಿಗಾಗಿ ಪ್ರಾರ್ಥಿಸುತ್ತಿದ್ದ ಯಾರೋ ಸಹಿಸಲಾಗದೆ ಕತ್ತರಿ ಹಾಕಿರಬಹುದು ಎಂದು ಊಹೆ.

1611ರ ಕಿಂಗ್ ಜೇಮ್ಸ್ ಅನುವಾದದಲ್ಲಿ ಈ ಎಪ್ಪತ್ತು ವಚನಗಳಿಲ್ಲ. ಹಳೆಯ ಪುಸ್ತಕದಂಗಡಿಗಳಲ್ಲಿ ಅಪಾಕ್ರಿಫ ಕೇಳಿದರೆ ಅದನ್ನೇ ಕೊಡುವುದು ಹೆಚ್ಚು. ನಿಮ್ಮ ಗ್ರಂಥಾಲಯಕ್ಕೆ ಇಪ್ಪತ್ತನೆಯ ಶತಮಾನದ ಅನುವಾದವನ್ನೇ ತರಿಸಿ, 7ನೆಯ ಅಧ್ಯಾಯ 140ನೆಯ ವಚನದವರೆಗೆ ಹೋಗಿದೆಯೇ ಎಂದು ನೋಡಿಕೊಂಡು ಹಣ ಕೊಡಿ.